ಫಾರಿನ್ ದೋಸ್ತನ ಖೋಲಿ ನೋಡಿ ಬಂದೆ!

ತೆರೆಯ ಮೇಲೆ ಬುರ್ಜ್ ಖಲೀಫಾ... ತೆರೆಯ ಹಿಂದೆ ಎರಡಂತಸ್ತಿನ ಮಂಚ!

ಕನ್ನಡ ಚಿತ್ರರಸಿಕರಿಗೆ 'ಫಾರಿನ್' ಹುಚ್ಚು ಹಚ್ಚಿದ ಪುಣ್ಯಾತ್ಮ ಯಾರು? ನಮ್ಮ ಓದುಗರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಹೇಳ್ತಾರೆ. ಪ್ರಚಂಡ ಕುಳ್ಳ ದ್ವಾರಕೀಶ್! 1978ರಲ್ಲಿ ಅವರು ನಿರ್ಮಿಸಿದ 'ಸಿಂಗಾಪುರದಲ್ಲಿ ರಾಜಾಕುಳ್ಳ' ವಿದೇಶದಲ್ಲಿ ಚಿತ್ರೀಕರಣಗೊಂಡ ಮೊಟ್ಟಮೊದಲ ಕನ್ನಡ ಚಿತ್ರ. ಸಿ.ವಿ. ರಾಜೇಂದ್ರನ್ ಅವರ ನಿರ್ದೇಶನ, ರಾಜನ್-ನಾಗೇಂದ್ರ ಅವರ ಸಂಗೀತ, ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಜೋಡಿ. ಇನ್ನೇನು ಬೇಕು? ನಮ್ಮ ಕಡೆಯ ಹಳ್ಳಿಗಳಲ್ಲಿ ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡಿದ್ದ ಜನ, ಬೆಳ್ಳಿತೆರೆಯ ಮೇಲೆ ಸಿಂಗಾಪುರದ ರಸ್ತೆಗಳನ್ನು ಕಣ್ತುಂಬ ನೋಡಿದರು.

ಆಮೇಲೆ ಸಾಲೇ ಹತ್ತಿತು. 1986ರಲ್ಲಿ ಅದೇ ದ್ವಾರಕೀಶ್ 'ಆಫ್ರಿಕಾದಲ್ಲಿ ಶೀಲಾ' ತಂದರು. ತೊಂಬತ್ತರ ದಶಕದಲ್ಲಿ ನಾಗತಿಹಳ್ಳಿ ಚಂದ್ರಶೇಖರ್ 'ಅಮೆರಿಕಾ ಅಮೆರಿಕಾ' ತೆಗೆದು, ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಗೆದ್ದರು. ಇನ್ನು 2021ರ ಜನವರಿ 31ರ ರಾತ್ರಿ ನೆನಪಿದೆ ತಾನೆ? ದುಬೈನ ಬುರ್ಜ್ ಖಲೀಫಾದ ಮೈಮೇಲೆ ನಮ್ಮ ಕಿಚ್ಚ ಸುದೀಪ್! 'ವಿಕ್ರಾಂತ್ ರೋಣ' ಚಿತ್ರದ ಹೆಸರು 828 ಮೀಟರ್ ಎತ್ತರದ ಕಟ್ಟಡದ ಮೇಲೆ ಝಗಝಗಿಸಿದಾಗ ಅಭಿಮಾನಿಗಳ ಎದೆ ಉಬ್ಬದೇ ಇದ್ದೀತೆ?

ಸರಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಹಾಡು ಮುಗಿಯಿತು, ಬಣ್ಣದ ದೀಪ ಆರಿತು. ಆ ಊರಿನಲ್ಲಿ ದುಡಿಯೋ ಹುಡುಗ ರಾತ್ರಿ ಎಲ್ಲಿ ಮಲಗ್ತಾನೆ? ನಮ್ಮ ಯಾವ ಕ್ಯಾಮೆರಾ ಅಲ್ಲಿಗೆ ಹೋಗಿದೆ?

ಅಲ್ಲಿಗೆ ಹೋಗುವ ಅವಕಾಶ ನನಗೆ ಕಳೆದ ಡಿಸೆಂಬರಿನಲ್ಲಿ ಬಂತು. ಅಣ್ಣಿಗೇರಿ ಸೀಮೆಯ ನನ್ನ ಗೆಳೆಯನೊಬ್ಬ ನಾಲ್ಕು ವರ್ಷದಿಂದ ದುಬೈಯಲ್ಲಿದ್ದಾನೆ. ಹೆಸರು ಬೇಡ, ಬರೆಯಬೇಡ ಅಂದಿದ್ದಾನೆ. ಐ.ಟಿ.ಐ. ಮುಗಿಸಿದವ, ದೊಡ್ಡ ದೊಡ್ಡ ಬಿಲ್ಡಿಂಗುಗಳ ಎ.ಸಿ. ರಿಪೇರಿ ಅವನ ಕೆಲಸ. ಹುಬ್ಬಳ್ಳಿಯ ಅಪ್ಸರಾ ಟಾಕೀಸಿನಲ್ಲಿ ಮೊದಲ ದಿನ ಮೊದಲ ಆಟಕ್ಕೆ ನನ್ನ ಜೊತೆ ನೂಕಾಡಿ ಟಿಕೆಟ್ ತೆಗೆಸಿದವ. ಅವನು ಊರಿಗೆ ಕಳಿಸುವ ಫೋಟೋಗಳಲ್ಲಿ ಒಂದರಲ್ಲಿ ಬುರ್ಜ್ ಖಲೀಫಾ, ಇನ್ನೊಂದರಲ್ಲಿ ಕೆಂಪು ಕಾರು, ಮತ್ತೊಂದರಲ್ಲಿ ಸಮುದ್ರ. "ಒಂದ್ಸಲ ಬಾರಲೇ ದೋಸ್ತ, ಆರು ದಿನ ಇದ್ದು ಹೋಗು" ಅಂದ. ಹೊರಟೆ!

ಗಂಟು ಕಟ್ಟುವಾಗ ಜೋಕೆ!

ಗೆಳೆಯನ ಅವ್ವ ಕಟಕ್ ರೊಟ್ಟಿ ಬಡಿದು ಕೊಟ್ಟಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಧಾರವಾಡ ಪೇಢೆ ಎಲ್ಲಾ ಸೇರಿದವು. ಉಂಡಿಗೆ ಗಸಗಸೆ ಹಚ್ಚುವಾಗ ನಾನು ಕೈ ಹಿಡಿದೆ. "ಯವ್ವಾ, ಅದೊಂದು ಬ್ಯಾಡ!" ಓದುಗರೂ ಗಮನಿಸಬೇಕು. ಯು.ಎ.ಇ. ದೇಶದಲ್ಲಿ ಗಸಗಸೆಗೆ ನಿಷೇಧವಿದೆ. ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ ಅದನ್ನು ಮಾದಕ ವಸ್ತುವಿನ ಲೆಕ್ಕಕ್ಕೆ ಹಿಡೀತಾರೆ. ಗುಟ್ಕಾ, ಎಲೆ-ಅಡಿಕೆಯನ್ನೂ ಒಯ್ಯುವಂತಿಲ್ಲ. "ಅಣ್ಣ ಅಲ್ಲಿ ಎಲಿ ಇಲ್ಲದ ಹೆಂಗ ಇದ್ದಾನೋ" ಅಂತ ಪೊಟ್ಟಣ ಕಟ್ಟಿ ಕೊಡೋ ಮಂದಿ ನಮ್ಮಲ್ಲಿ ಬಹಳ. ಪ್ರೀತಿಯ ಪೊಟ್ಟಣ ಪೊಲೀಸ್ ಠಾಣೆಯ ದಾರಿ ಆದೀತು, ಎಚ್ಚರ!

ಗೆಳೆಯನಿಗೆಂದು ನಾನೊಂದು ನವಲಗುಂದದ ಜಮಖಾನ ಕೊಂಡೆ. ಆ ಊರಿನ ಹೆಣ್ಣುಮಕ್ಕಳು ಮಗ್ಗದಲ್ಲಿ ಕೈಯಾರೆ ನೇಯುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಾಸು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಸುಮಾರು ನಾಲ್ಕು ತಾಸಿನ ವಿಮಾನ. ಇಳಿದಾಗ ಗಡಿಯಾರವನ್ನು ಒಂದೂವರೆ ತಾಸು ಹಿಂದಕ್ಕೆ ತಿರುಗಿಸಿಕೊಂಡೆ.

ಎಂಟು ಜನ, ನಾಲ್ಕು ಮಂಚ

ದೇರಾ ಎನ್ನುವುದು ದುಬೈನ ಹಳೆಯ ಭಾಗ. ಬುರ್ಜ್ ಖಲೀಫಾದಿಂದ ಮೆಟ್ರೋ ರೈಲಿನಲ್ಲಿ ಅರ್ಧ ತಾಸಿನ ದಾರಿ. ಗಾಜಿನ ಗೋಪುರಗಳು ಹಿಂದೆ ಸರಿದಂತೆಲ್ಲ ಬಣ್ಣ ಮಾಸಿದ ನಾಲ್ಕು-ಐದು ಅಂತಸ್ತಿನ ಕಟ್ಟಡಗಳು ಮುಂದೆ ಬಂದವು. ಗೋಡೆಗೆ, ಕಂಬಕ್ಕೆ ಅಂಟಿಸಿದ ಸಣ್ಣ ಸಣ್ಣ ಚೀಟಿಗಳ ಮೇಲೆ 'ಬೆಡ್ ಸ್ಪೇಸ್' ಅಂತ ಬರೆದಿತ್ತು. ಅಂದ್ರೆ ಮನೆ ಬಾಡಿಗೆಗೆ ಅಲ್ಲ, ಕೋಣೆಯೂ ಬಾಡಿಗೆಗೆ ಅಲ್ಲ. ಮಂಚ ಬಾಡಿಗೆಗೆ!

ಗೆಳೆಯನ ಫ್ಲಾಟು ಮೂರನೆಯ ಅಂತಸ್ತಿನಲ್ಲಿ. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ರಾಶಿ. ನಮ್ಮೂರ ಜಾತ್ರೆಯಲ್ಲಿ ಗುಡಿ ಮುಂದೆ ಇರುತ್ತಲ್ಲ, ಹಾಗೆ. ಒಳಗೆ ಎರಡು ಕೋಣೆ, ಒಂದು ಹಾಲು. ಹಾಲಿಗೆ ಪ್ಲೈವುಡ್ ಹಲಗೆ ಹೊಡೆದು ಮೂರು ಭಾಗ ಮಾಡಿದ್ದಾರೆ. ಒಟ್ಟು ಇಪ್ಪತ್ತೆರಡು ಮಂದಿ. ಸ್ನಾನದ ಮನೆ ಎರಡೇ. ಅಡಿಗೆಮನೆ ಒಂದೇ.

ನನ್ನ ದೋಸ್ತನ ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚ, ಒಂದೊಂದೂ ಎರಡಂತಸ್ತು. ರೈಲಿನ ಸ್ಲೀಪರ್ ಬೋಗಿ ನೋಡಿದ್ದೀರಲ್ಲ, ಥೇಟ್ ಅದೇ! ವ್ಯತ್ಯಾಸ ಇಷ್ಟೇ: ರೈಲಿನವರು ಬೆಳಗ್ಗೆ ಇಳೀತಾರೆ, ಇವರು ವರ್ಷಗಟ್ಟಲೆ ಇಳಿಯೋದಿಲ್ಲ. ಪ್ರತಿ ಮಂಚಕ್ಕೂ ಹಳೆಯ ಚಾದರದ ಪರದೆ. ಪರದೆಯೊಳಗೆ ಒಂದು ಪುಟ್ಟ ದೀಪ, ಮೊಬೈಲ್ ಚಾರ್ಜಿಗೆ ತಂತಿ, ದೇವರ ಫೋಟೋ, ಮಕ್ಕಳ ಫೋಟೋ. ಮಂಚದ ಕೆಳಗೆ ಸೂಟ್‌ಕೇಸು. ಅದೇ ಕಪಾಟು, ಅದೇ ತಿಜೋರಿ. ಗೋಡೆಯ ಮೂಲೆಯಲ್ಲಿ ತಗಣಿಗೆ ಹೊಡೆದ ಔಷಧದ ಕಲೆ.

ಇಬ್ಬರು ನೇಪಾಳದವರು, ಇಬ್ಬರು ತೆಲಂಗಾಣದವರು, ಒಬ್ಬ ಕೇರಳದವ, ಒಬ್ಬ ಬಾಂಗ್ಲಾದೇಶದವ, ಒಬ್ಬ ಬಿಹಾರಿ. ಕನ್ನಡಿಗ ನನ್ನ ಗೆಳೆಯನೊಬ್ಬನೇ. ಎಲ್ಲರ ನಡುವೆ ನಡೆಯುವುದು ಮುರುಕು ಹಿಂದಿ.

ನಾನು ಜಮಖಾನ ಬಿಚ್ಚಿದೆ. ಎಂಟೂ ಜನ ಬಂದು ಮುಟ್ಟಿ ನೋಡಿದರು. ಹಾಸೋಣ ಅಂದ್ರೆ... ಹಾಸೋದೆಲ್ಲಿ? ಎರಡು ಮಂಚಗಳ ನಡುವಿನ ದಾರಿ ಒಂದು ಮೊಳ, ಮೇಲೊಂದು ಗೇಣು! ಗೆಳೆಯ ಬಿದ್ದು ಬಿದ್ದು ನಕ್ಕ. ಮಡಿಚಿ ತನ್ನ ಹಾಸಿಗೆ ಮೇಲೆ ಹಾಕಿಕೊಂಡ. "ನವಲಗುಂದ ಇಷ್ಟ ದೊಡ್ಡದು ಅಂತ ಇಲ್ಲಿ ಬಂದ ಮ್ಯಾಲೇ ತಿಳೀತು ನೋಡಪಾ" ಅಂದ.

ನಾನು ಮಲಗಿದ್ದು ನೇಪಾಳಿ ಸೆಕ್ಯುರಿಟಿ ಗಾರ್ಡಿನ ಮಂಚದಲ್ಲಿ. ಅವನಿಗೆ ರಾತ್ರಿ ಪಾಳಿ. ಸಂಜೆ ಆರಕ್ಕೆ ಅವನು ಹೋದ ಮೇಲೆ ನಾನು ಹತ್ತುವುದು; ಬೆಳಗ್ಗೆ ಏಳಕ್ಕೆ ಅವನು ಬರುವ ಮೊದಲು ನಾನು ಇಳಿಯುವುದು. ದಿಂಬಿನ ಕೆಳಗೆ ಅವನ ಮಗಳ ಫೋಟೋ ಇತ್ತು. ಅದನ್ನು ಮುಟ್ಟದೆ ಮಲಗಿದೆ.

ಪಗಾರದ ಲೆಕ್ಕ ಕೇಳಿ

"ಯಾಕಲೇ, ಇಷ್ಟು ದುಡೀತಿ, ಒಂದು ಚಲೋ ಖೋಲಿ ಹಿಡೀಬಾರದೇನು?" ಅಂತ ಕೇಳಿದೆ. ಗೆಳೆಯ ರೊಟ್ಟಿ ಮುರಿಯುತ್ತ ಲೆಕ್ಕ ಹೇಳಿದ.

ಪಗಾರ ತಿಂಗಳಿಗೆ 2,000 ದಿರಮ್. ಒಂದು ದಿರಮಿಗೆ ನಮ್ಮ ಇಪ್ಪತ್ತು ರೂಪಾಯಿಗೂ ಹೆಚ್ಚು ಬೆಲೆ. ಊರಲ್ಲಿ ಕೇಳಿದವರಿಗೆ "ಅಬ್ಬಾ!" ಅನ್ನಿಸುತ್ತೆ. ಆದರೆ ಮಂಚದ ಬಾಡಿಗೆ 600. ಎಂಟು ಜನ ಸೇರಿ ಮಾಡುವ ಅಡಿಗೆಯ ಪಾಲು 400. ಫೋನು, ಬಸ್ಸು, ಸಾಬೂನು 100. ಉಳಿದದ್ದು 900. ಅದಷ್ಟೂ ಅಣ್ಣಿಗೇರಿ ದಾರಿ ಹಿಡಿಯುತ್ತದೆ. ಅಕ್ಕನ ಲಗ್ನದ ಸಾಲ ತೀರಿದ್ದು ಅದರಿಂದ. ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ಚಾವಣಿ ಬಂದದ್ದು ಅದರಿಂದ.

"ನಾನೊಬ್ಬಾಂವ ಬ್ಯಾರೆ ಖೋಲಿ ಹಿಡಿದರ ಊರಾಗಿನ ಮನಿ ಏಳೋದಿಲ್ಲ. ಊರಾಗ ನಾಕು ಖೋಲಿ ಆಗ್ಯಾವ, ಅದಕ್ಕ ಇಲ್ಲಿ ನಾ ಮಂಚದಾಗ ಇದ್ದೇನಿ" ಅಂದ. ಇಷ್ಟೇ ಕಥೆ. ಆದರೆ ಈ ಕಥೆಯಲ್ಲೊಂದು ಭಯವೂ ಇದೆ. ಹೀಗೆ ಹಲಗೆ ಹೊಡೆದು ಜನ ತುಂಬುವುದಕ್ಕೆ ಅಲ್ಲಿ ಅನುಮತಿ ಇಲ್ಲ. 2025ರ ಜೂನಿನಲ್ಲಿ ದುಬೈ ಪುರಸಭೆ ರಿಗ್ಗಾ, ಸತ್ವಾ ಮೊದಲಾದ ಬಡಾವಣೆಗಳಲ್ಲಿ ಇಂಥ ಪಾರ್ಟಿಷನ್‌ಗಳನ್ನು ತೆಗೆಸಲು ಕಾರ್ಯಾಚರಣೆಗೆ ಇಳಿಯಿತು. ಬೆಂಕಿ ಹತ್ತಿದರೆ ಜನ ಹೊರಬರಲು ದಾರಿ ಇರುವುದಿಲ್ಲ ಎಂಬ ಕಾರಣ ನ್ಯಾಯವಾದದ್ದೇ. ಆದರೆ 600 ದಿರಮಿನ ಮಂಚ ಹೋದರೆ ಆ ಸಂಬಳದವನಿಗೆ ಇನ್ನೆಲ್ಲಿ ಜಾಗ? ನಾನಿದ್ದ ಆರು ದಿನದಲ್ಲಿ ಯಾರೇ ಬಾಗಿಲು ಬಡಿದರೂ ಒಳಗಿನ ಮಾತು ಗಕ್ಕನೆ ನಿಲ್ಲುತ್ತಿತ್ತು. ಒಂದು ದಿನ ಬಡಿದವನು ಕೋಳಿ ತಂದ ಅಂಗಡಿ ಹುಡುಗ!

ಪರದೆಯೊಳಗೆ ಅಣ್ಣಾವ್ರು

ಬೆಳಗಿನ ನಾಲ್ಕೂವರೆಗೇ ಸ್ನಾನದ ಪಾಳಿ ಶುರು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಬೇಸಿಗೆಯಲ್ಲಿ ಇವರ ಕೆಲಸ ಇನ್ನೂ ಕಠಿಣ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿನ ಸರಕಾರವೇ ಕಾಯ್ದೆ ಮಾಡಿದೆ ಅಂದ ಮೇಲೆ, ಆ ಬಿಸಿಲು ಎಂಥದ್ದೆಂದು ನೀವೇ ಊಹಿಸಿ.

ಆದರೆ ರಜೆಯ ದಿನ ಮಂದಿ ಬೇರೆಯೇ ಆಗಿಬಿಡ್ತಾರೆ! ಇಸ್ತ್ರಿ ಮಾಡಿದ ಶರ್ಟು, ಕಪ್ಪು ಕನ್ನಡಕ, ಅತ್ತರು. ಗೆಳೆಯ ನನ್ನನ್ನು ಕ್ರೀಕ್ ದಂಡೆಗೆ ಕರೆದೊಯ್ದ. ದೇರಾ ಕಡೆಯಿಂದ ಬರ್ ದುಬೈ ಕಡೆಗೆ ಅಬ್ರಾ ಎಂಬ ಮರದ ದೋಣಿ ದಾಟಿಸುತ್ತದೆ. ಒಂದು ದಿರಮ್ ಕೊಟ್ಟರೆ ಸಾಕು. ನೀರ ಮೇಲೆ ತಣ್ಣನೆ ಗಾಳಿ. ಅಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಕೆಂಪು ಕಾರಿನ ಗುಟ್ಟೂ ಅಂದೇ ಗೊತ್ತಾಯ್ತು. ರಸ್ತೆ ಬದಿಯಲ್ಲಿ ಯಾರೋ ನಿಲ್ಲಿಸಿದ ಕಾರು. ಪಕ್ಕದಲ್ಲಿ ನಿಂತು ತೆಗೆಸಿಕೊಂಡರೆ ಯಾರು ಬೇಡ ಅಂತಾರೆ?

ರಾತ್ರಿ ಹತ್ತಕ್ಕೆ ದೀಪ ಆರಿದ ಮೇಲೆ ಪಕ್ಕದ ಪರದೆಯೊಳಗೆ ಸಣ್ಣ ಬೆಳಕು ಮಿನುಗುತ್ತಿತ್ತು. ಇಣುಕಿ ನೋಡಿದೆ. ಮೊಬೈಲಿನಲ್ಲಿ 1972ರ 'ಬಂಗಾರದ ಮನುಷ್ಯ'! ಕಿವಿಗೆ ತಂತಿ ಸಿಕ್ಕಿಸಿಕೊಂಡು ಗೆಳೆಯ ಅಣ್ಣಾವ್ರನ್ನು ನೋಡುತ್ತಿದ್ದ. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದ ಯುವಕರಿದ್ದರೆಂದು ಹಿರಿಯರು ಇಂದಿಗೂ ಹೇಳುವುದುಂಟು. "ಎಷ್ಟನೇ ಸಲ ನೋಡಾಕತ್ತೀ?" ಅಂದೆ. "ಲೆಕ್ಕಾ ಬಿಟ್ಟೇನಿ. ಹೊಲಾ ಬರ್ತದಲಾ, ಅದಕ್ಕ ನೋಡ್ತೇನಿ" ಅಂದ.

ಕೇರಳದವರು ತೋರಿಸಿದರು, ನಾವು?

ಕೇರಳದ ರೂಮ್‌ಮೇಟ್ ಒಂದು ಮಾತು ಹೇಳಿದ, ನಮ್ಮ ಗಾಂಧಿನಗರದ ನಿರ್ಮಾಪಕರು ಕೇಳಲಿ. "ನಿಮ್ಮ ಭಾಷೆಯಲ್ಲಿ ನಮ್ಮಂಥವರ ಸಿನಿಮಾ ಇಲ್ಲವೇ?" ಅಂದ. ಅವರಲ್ಲಿ ಇದೆ. 2015ರಲ್ಲಿ ಸಲೀಂ ಅಹ್ಮದ್ 'ಪತ್ತೇಮಾರಿ' ತೆಗೆದರು. ಕೊಲ್ಲಿ ದೇಶದ ಇಕ್ಕಟ್ಟಿನ ಕೋಣೆಯಲ್ಲೇ ಆಯುಷ್ಯ ಸವೆಸಿ ಊರಿಗೆ ಹಣ ಕಳಿಸಿದ ನಾರಾಯಣನ ಪಾತ್ರದಲ್ಲಿ ಮಮ್ಮೂಟ್ಟಿ! ಮೆಗಾಸ್ಟಾರ್ ಆದವರು ಎರಡಂತಸ್ತಿನ ಮಂಚದಲ್ಲಿ ಮುದುಡಿ ಮಲಗಿದರು. 2024ರಲ್ಲಿ ಬ್ಲೆಸ್ಸಿ ನಿರ್ದೇಶನದ 'ಆಡುಜೀವಿತಂ' ಬಂತು. ಬೆನ್ಯಾಮಿನ್ ಅವರ ಕಾದಂಬರಿ ಆಧಾರಿತ. ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಸಿಕ್ಕಿಬಿದ್ದ ಹುಡುಗನಾಗಿ ಪೃಥ್ವಿರಾಜ್ ಮೈ ಇಳಿಸಿ, ಗಡ್ಡ ಬಿಟ್ಟು ನಟಿಸಿದರು. ಅದು ಕನ್ನಡಕ್ಕೂ ಡಬ್ ಆಗಿ ಬಂತು. ನಮ್ಮ ಬಳಿ ಕಥೆಗೇನೂ ಬರ ಇಲ್ಲ, ಹೀರೋಗಳಿಗೂ ಬರ ಇಲ್ಲ. ಆ ಕೋಣೆಯ ಬಾಗಿಲು ತಟ್ಟುವವರು ಬೇಕು, ಅಷ್ಟೇ.

ಸಣ್ಣ ಖೋಲಿ ಅಂದ್ರೆ ಕೀಳಲ್ಲ ಅನ್ನೋದಕ್ಕೆ ನಮ್ಮ ಚಿತ್ರರಂಗದಲ್ಲೇ ಸಾಕ್ಷಿ ಇದೆ. ಬೆಂಗಳೂರಿನ ಸಿಟಿ ಬಸ್ ಕಂಡಕ್ಟರ್ ಶಿವಾಜಿರಾವ್ ಗಾಯಕವಾಡ 1973ರಲ್ಲಿ ಮದರಾಸಿನ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದಾಗ ಕೈಯಲ್ಲಿ ಕಾಸಿರಲಿಲ್ಲ, ತಮಿಳು ಸರಿಯಾಗಿ ಬರುತ್ತಿರಲಿಲ್ಲ. ಅವನನ್ನು ನಗದೆ, ಕೈಬಿಡದೆ, ತನ್ನ ಪಗಾರದಲ್ಲೇ ಪಾಲು ತೆಗೆದು ಕಳಿಸಿದವ ಬಸ್ ಡ್ರೈವರ್ ಗೆಳೆಯ ರಾಜ್ ಬಹಾದೂರ್. ಆ ಕಂಡಕ್ಟರೇ ರಜನಿಕಾಂತ್! 2021ರ ಅಕ್ಟೋಬರ್ 25ರಂದು ದೆಹಲಿಯಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಹಿಡಿದು ನಿಂತಾಗ, ಗುರು ಬಾಲಚಂದರ್ ಮತ್ತು ಅಣ್ಣ ಸತ್ಯನಾರಾಯಣ ರಾವ್ ಜೊತೆಗೆ ಆ ಡ್ರೈವರ್ ಗೆಳೆಯನ ಹೆಸರನ್ನೂ ಅವರು ಹೇಳಿದರು. ನಿಮ್ಮ ಗೆಳೆಯ ಪರದೇಶದಲ್ಲಿ ಮಂಚದ ಬಾಡಿಗೆಗೆ ಇದ್ದರೆ ನಗಬೇಡಿ. ಊರಿಗೆ ಬಂದಾಗ "ಏನ್ ತಂದೀ?" ಅಂತ ಮೊದಲು ಕೇಳಬೇಡಿ.

"ಅವ್ವಗ ಹೇಳಬ್ಯಾಡ, ತಮ್ಮಗ ಹೇಳು"

ಹೊರಡುವ ಹಿಂದಿನ ರಾತ್ರಿ ಗೆಳೆಯ ನನ್ನನ್ನು ಮಹಡಿ ಮೇಲೆ ಕರೆದೊಯ್ದ. ದೂರದಲ್ಲಿ ಬುರ್ಜ್ ಖಲೀಫಾ ಸೂಜಿಯಂತೆ ಹೊಳೆಯುತ್ತಿತ್ತು.

"ಒಂದ್ ಕೆಲಸಾ ಮಾಡ್ತೀಯೇನು? ಅವ್ವಗ ಖೋಲಿ ಬಗ್ಗೆ ಹೇಳಬ್ಯಾಡ, ಆಕಿಗೆ ನಿದ್ದಿ ಹತ್ತೂದಿಲ್ಲ. ಆದ್ರ ತಮ್ಮಗ ಎಲ್ಲಾ ಹೇಳು. ಒಂದೂ ಬಿಡಬ್ಯಾಡ."

ವಿಷಯ ಇದು. ತಮ್ಮನಿಗೆ ಹತ್ತೊಂಬತ್ತು. ಅಣ್ಣನ ಫೋಟೋ ನೋಡಿ ನೋಡಿ ತಾನೂ ಹೊರಟು ನಿಂತಿದ್ದಾನೆ. ಏಜೆಂಟನೊಬ್ಬ ಗಂಟು ಬಿದ್ದಿದ್ದಾನೆ. 1 ಲಕ್ಷ 20 ಸಾವಿರ ಕೇಳಿದ್ದಾನೆ. "ಈಗ ವಿಜಿಟ್ ವೀಸಾದ ಮ್ಯಾಲೆ ಹೋಗು, ಅಲ್ಲಿ ಹೋದ ಮ್ಯಾಲೆ ಕಂಪನಿ ವೀಸಾ ಆಗ್ತದ" ಅಂದಿದ್ದಾನೆ. ಹಣಕ್ಕಾಗಿ ಎರಡು ಎಕರೆ ಎರೆಹೊಲ ಅಡ ಇಡುವ ಮಾತು ನಡೆದಿದೆ. ಅಣ್ಣ ಫೋನಿನಲ್ಲಿ ಬೇಡ ಅಂದರೆ ತಮ್ಮ ಏನು ಅಂತಾನೆ ಗೊತ್ತೇ? "ನೀ ಅಷ್ಟ ಆರಾಮ ಇರಬೇಕು, ನಾ ಬರಬಾರದು, ಹೌದಿಲ್ಲೋ?"

ಊರಿಗೆ ಮರಳಿದ ಮೂರನೆಯ ದಿನ ತಮ್ಮನನ್ನು ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಕರೆಸಿದೆ. ಮಂಚ, ತಗಣಿ, ಸ್ನಾನದ ಪಾಳಿ, 900 ದಿರಮಿನ ಲೆಕ್ಕ ಎಲ್ಲ ಹೇಳಿದೆ. ನಂಬಲಿಲ್ಲ. "ಅಣ್ಣನ ಹೇಳಿಕೊಟ್ಟಾನ" ಅಂದ. ಆಮೇಲೆ ಕಾಯ್ದೆಯ ಮಾತು ತೆಗೆದೆ. ಓದುಗರಲ್ಲೂ ಫಾರಿನ್ ಆಸೆ ಇದ್ದವರು ಇದನ್ನು ಕತ್ತರಿಸಿ ಇಟ್ಟುಕೊಳ್ಳಿ:

ವಿಜಿಟ್ ವೀಸಾದ ಮೇಲೆ ಹೋಗಿ ದುಡಿಯುವುದು ಯು.ಎ.ಇ.ಯಲ್ಲಿ ಅಪರಾಧ. ಸಿಕ್ಕಿಬಿದ್ದರೆ ಏಜೆಂಟ್ ಬರೋದಿಲ್ಲ.

1983ರ ವಲಸೆ ಕಾಯ್ದೆಯ ಪ್ರಕಾರ ಸರಕಾರದಲ್ಲಿ ನೋಂದಣಿಯಾದ ಏಜೆಂಟರು ಮಾತ್ರ ಪರದೇಶದ ಕೆಲಸಕ್ಕೆ ಜನ ಕಳಿಸಬಹುದು. ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿ.ಎಸ್.ಟಿ. ಅದಕ್ಕೆ ರಸೀದಿ ಕೇಳಿ. ಏಜೆಂಟನ ಹೆಸರು ಕೇಂದ್ರ ಸರಕಾರದ 'ಇ-ಮೈಗ್ರೇಟ್' ಪಟ್ಟಿಯಲ್ಲಿದೆಯೋ ಇಲ್ಲವೋ ಮೊಬೈಲಿನಲ್ಲೇ ನೋಡಬಹುದು.

ಹತ್ತನೇ ಇಯತ್ತೆ ಪಾಸಾಗದವರ ಪಾಸ್‌ಪೋರ್ಟ್ 'ಇ.ಸಿ.ಆರ್.' ವರ್ಗದ್ದು. ಅಂಥವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಇಲಾಖೆಯ ಅನುಮತಿ ಬೇಕೇ ಬೇಕು. ಅವರಿಗೆಂದೇ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಕಂತು ಕೆಲವೇ ನೂರು ರೂಪಾಯಿ.

2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯು.ಎ.ಇ. ಕಾರ್ಮಿಕ ಕಾಯ್ದೆಯ ಪ್ರಕಾರ ಮಾಲೀಕ ಕೆಲಸಗಾರನ ಪಾಸ್‌ಪೋರ್ಟ್ ಕಿತ್ತು ಇಟ್ಟುಕೊಳ್ಳುವಂತಿಲ್ಲ, ನೇಮಕದ ಖರ್ಚನ್ನು ಅವನ ತಲೆಗೆ ಕಟ್ಟುವಂತಿಲ್ಲ.

ತಮ್ಮ ತನ್ನ ಮೊಬೈಲಿನಲ್ಲೇ ಆ ಪಟ್ಟಿ ತೆಗೆದ. ಏಜೆಂಟನ ಹೆಸರು ಹಾಕಿದ. ಬರಲಿಲ್ಲ. ಅಕ್ಷರ ಬದಲಿಸಿ ಇನ್ನೊಮ್ಮೆ ಹಾಕಿದ. ಬರಲಿಲ್ಲ. ಮೂರನೆಯ ಸಲವೂ ಇಲ್ಲ. ಚಹಾ ಆರಿ ಕೆನೆ ಕಟ್ಟಿತ್ತು.

ಫಾರಿನ್ನಿಗೆ ಹೋಗಲೇಬೇಡಿ ಅಂತ ನಾನು ಹೇಳ್ತಾ ಇಲ್ಲ. ನನ್ನ ದೋಸ್ತ ಹೋದದ್ದಕ್ಕೇ ಒಂದು ಮನೆ ಎದ್ದು ನಿಂತಿದೆ. ಆದರೆ ಅವನು ಕೈಯಲ್ಲಿ ಕಸುಬು ಹಿಡಿದು, ಕಂಪನಿಯ ಕಾಗದ ಹಿಡಿದು ಹೋದವ. ತಮ್ಮನದು ಐ.ಟಿ.ಐ. ಕೊನೆಯ ವರ್ಷ ಇನ್ನೂ ಬಾಕಿ.

ಆ ಹುಡುಗ ಬಹಳ ಹೊತ್ತು ಸುಮ್ಮನೆ ಕೂತ. ಕಲಘಟಗಿ ಬಸ್ ಬಂತು, ಹೋಯ್ತು. ಕೊನೆಗೆ ವಿಡಿಯೋ ಕಾಲ್ ಹಚ್ಚಿದ. ಆ ಕಡೆ ಗೆಳೆಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ, ತಲೆ ಇನ್ನೂ ಒದ್ದೆ. ತಮ್ಮ ನಮಸ್ಕಾರ ಹೇಳಲಿಲ್ಲ, ಊಟ ಆಯ್ತಾ ಕೇಳಲಿಲ್ಲ.

"ಅಣ್ಣಾ, ನೀ ರಾತ್ರಿ ಎಲ್ಲಿ ಮಲಗ್ತೀ? ತೋರ್ಸು."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಮೊಬೈಲು ನಿಧಾನಕ್ಕೆ ತಿರುಗಿತು. ಪರದೆ ಸರಿಯಿತು. ಕಬ್ಬಿಣದ ಏಣಿ, ಪುಟ್ಟ ದೀಪ, ಮಡಿಚಿ ಹಾಸಿದ ನವಲಗುಂದದ ಜಮಖಾನ.